ಹಿನ್ನೀರಿನ ದೋಣಿಗೆ ಒಂದು ಎಂಜಿನ್ ಸಾಕೇ, ಎರಡು ಬೇಕೇ?

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕು, ಹೇಮಾವತಿ ಹಿನ್ನೀರಿನ ಪಕ್ಕದ ಊರು. ಇಷ್ಟು ವರ್ಷ ಹರಿಗೋಲಿನಲ್ಲೇ ಬಲೆ ಬಿಡುತ್ತಿದ್ದೆವು. ಈಗ ನಾಲ್ಕು ಜನ ಸೇರಿ 20 ಅಡಿಯ ಫೈಬರ್ ದೋಣಿ ಮಾಡಿಸಿದ್ದೇವೆ, ತಳ ಚಪ್ಪಟೆ. ಒಂದು 20 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಕಟ್ಟುವ ಎಂಜಿನ್) ಹಾಕಿ, ಇಲ್ಲವೇ 9.9 ಎಚ್‌ಪಿಯ ಎರಡು ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಮಲ್ಪೆಯಲ್ಲಿರುವ ನನ್ನ ಭಾವ, ‘ಎರಡೇ ಹಾಕಿಸು, ಒಂದು ಕೈಕೊಟ್ಟರೆ ಇನ್ನೊಂದು ದಡ ಸೇರಿಸುತ್ತದೆ’ ಎಂದರು. ಕಳೆದ ಆಷಾಢದಲ್ಲಿ ದೋಣಿ ಹೇಗಿದೆ ನೋಡೋಣವೆಂದು ಪರಿಚಯದವರ ಹಳೆಯ ಎಂಜಿನ್ ಕಟ್ಟಿಕೊಂಡು ನೀರಿಗಿಳಿದಿದ್ದೆವು. ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ಓಡಿ ನಿಂತುಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಶುರುವಾಗಿ ಮತ್ತೆ ನಿಂತಿತು. ಗಾಳಿ ತಳ್ಳಿದ ಕಡೆ ತೇಲಿ, ಕತ್ತಲಾದ ಮೇಲೆ ಆಚೆ ದಡ ಸೇರಿದೆವು. ನಮ್ಮಲ್ಲಿ ಒಬ್ಬನಿಗೆ ಈಜು ಬಾರದು. ಮನೆಯವರು ಹೆದರಿದ್ದಾರೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕೇಳಿದ ಪ್ರಶ್ನೆಗಿಂತ, ನಡುವೆ ಹೇಳಿಕೊಂಡು ಹೋದ ಸಂಗತಿಯೇ ದೊಡ್ಡದು. ಹತ್ತು ನಿಮಿಷ ಚೆನ್ನಾಗಿ ಓಡಿತು, ನಿಂತಿತು, ಬಿಟ್ಟು ಎಳೆದರೆ ಶುರುವಾಯಿತು, ಮತ್ತೆ ನಿಂತಿತು. ಎಂಜಿನ್ ಎಷ್ಟು ಬೇಕು ಎಂದು ತೀರ್ಮಾನಿಸುವ ಮೊದಲು ಅದು ಏಕೆ ನಿಂತಿತು ಎಂದು ಗೊತ್ತಾಗಬೇಕಲ್ಲವೇ?

ಈ ಲಕ್ಷಣ ಕೇಳಿದೊಡನೆ ನಾನು ಮೊದಲು ಕೈಹಾಕುವುದು ಎಂಜಿನ್‌ಗಲ್ಲ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ. ದೋಣಿಯೊಳಗೆ ಇಡುವ ಕೆಂಪು ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಯಾಡಲೆಂದು ಒಂದು ಪುಟ್ಟ ತಿರುಪು ಇರುತ್ತದೆ. ಸಾಗಿಸುವಾಗ ಅದನ್ನು ಬಿಗಿ ಮಾಡುತ್ತೇವೆ, ಓಡಿಸುವಾಗ ಸಡಿಲಿಸಬೇಕು. ಮರೆತರೆ ಎಂಜಿನ್ ಪೆಟ್ರೋಲ್ ಹೀರಿದ ಹಾಗೆಲ್ಲ ಟ್ಯಾಂಕಿನೊಳಗೆ ಗಾಳಿ ತೆಳುವಾಗುತ್ತಾ ಹೋಗಿ, ಕೊನೆಗೆ ಪೆಟ್ರೋಲ್ ಮೇಲೇರುವುದೇ ನಿಲ್ಲುತ್ತದೆ. ಅದಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ನೀವು ಹೇಳಿದಷ್ಟೇ. ಸುಮ್ಮನೆ ಬಿಟ್ಟರೆ ಎಲ್ಲೋ ಸಂದಿಯಿಂದ ಒಂದಿಷ್ಟು ಗಾಳಿ ಒಳಗೆ ನುಸುಳುತ್ತದೆ, ಎಂಜಿನ್ ಎರಡು ನಿಮಿಷ ಓಡಿ ಮತ್ತೆ ಕೈಚೆಲ್ಲುತ್ತದೆ. ಪೈಪಿನ ನಡುವೆ ಕೈಯಲ್ಲಿ ಹಿಸುಕುವ ರಬ್ಬರ್ ಬಲ್ಬ್ ಇದೆಯಲ್ಲ, ಅದು ಆಗ ಒಣಗಿದ ಕಿತ್ತಳೆಯಂತೆ ಒಳಗೆ ಎಳೆದುಕೊಂಡು ಚಪ್ಪಟೆಯಾಗಿರುತ್ತದೆ. ಅಂದು ಅದು ಹೇಗಿತ್ತೆಂದು ನಿಮ್ಮಲ್ಲಿ ಯಾರಾದರೂ ನೋಡಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು.

ಇದೇ ಕಾರಣವೆಂದು ಇಲ್ಲಿ ಕುಳಿತು ಆಣೆ ಮಾಡಿ ಹೇಳಲಾರೆ. ಟ್ಯಾಂಕಿನ ತಳದ ಕಸವೂ, ಬಿಸಿಯಾದ ಮೇಲೆ ಸಾಯುವ, ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ಲೂ ಇದೇ ಆಟ ಆಡಬಹುದು. ಆದರೆ ಮುಚ್ಚಳದ ತಿರುಪೇ ಕಾರಣವಾಗಿದ್ದರೆ, ನಿಮ್ಮ ಹೆದರಿಕೆಗೆ ಬೇಕಿದ್ದ ಖರ್ಚು ಸೊನ್ನೆ. ಅದೇ ಟ್ಯಾಂಕಿಗೆ ಎರಡು ಎಂಜಿನ್ ಜೋಡಿಸಿದ್ದರೆ ಆ ದಿನ ಎರಡೂ ನಿಲ್ಲುತ್ತಿದ್ದವು, ಇನ್ನೂ ಬೇಗ.

ನಾನು ಎಂಜಿನ್ ಬಿಚ್ಚಲು ಕಲಿತದ್ದು ಕರಾವಳಿಯಲ್ಲಿ. ಈಗ ಹಾಸನದಲ್ಲಿ ಕಾಫಿ ತೋಟಗಳ ಪಂಪ್‌ಸೆಟ್, ಕಳೆ ಕೊಚ್ಚುವ ಯಂತ್ರ, ಗರಗಸಗಳ ನಡುವೆ ವರ್ಷಕ್ಕೆ ಒಂದಿಷ್ಟು ದೋಣಿ ಎಂಜಿನ್‌ಗಳೂ ಮೇಜಿಗೆ ಬರುತ್ತವೆ. ಹಾಗೆ ಬಂದವುಗಳಲ್ಲಿ ಒಳಗಿನ ಪಿಸ್ಟನ್ನೋ ಬೇರಿಂಗೋ ಮುರಿದು ನಿಂತದ್ದು ಬಹಳ ಕಡಿಮೆ. ಪೆಟ್ರೋಲ್ ಕೆಟ್ಟದ್ದು, ಪ್ರೊಪೆಲ್ಲರ್‌ಗೆ ಏನೋ ಸುತ್ತಿದ್ದು ಅಥವಾ ಬಡಿದದ್ದು, ತಂಪುನೀರು ಏರದೆ ಕಾದದ್ದು ಇವೇ ಹೆಚ್ಚು. ಎರಡನೆಯ ಎಂಜಿನ್ ಬೇಕೇ ಎಂಬ ಪ್ರಶ್ನೆಯನ್ನು ಈ ಮೂರರ ಎದುರು ಒಂದೊಂದಾಗಿ ಇಟ್ಟು ನೋಡಬೇಕು.

ಪೆಟ್ರೋಲಿನ ಮಾತು ಮೊದಲು. ಬಹಳ ವರ್ಷಗಳ ಹಿಂದೆ ಕಡಲಿನಲ್ಲಿ ನಾನೇ ಎರಡು ಎಂಜಿನ್ ದೋಣಿಯೊಂದರಲ್ಲಿ ಪರೀಕ್ಷೆಗೆಂದು ಹೋಗಿದ್ದೆ. ಹೊಸ ಜೋಡಿ, ನಾನೇ ಕೂರಿಸಿದ್ದು, ಜಂಬವೂ ಇತ್ತು. ದಡ ಕಣ್ಣಿಗೆ ಸಣ್ಣದಾಗುವಷ್ಟು ದೂರ ಹೋದ ಮೇಲೆ ಬಲಗಡೆಯದು ಎರಡು ಸಲ ಸೀನಿದಂತೆ ಸದ್ದು ಮಾಡಿ ನಿಂತಿತು. ‘ಇದಕ್ಕೇ ಅಲ್ಲವೇ ಎರಡು ಇರುವುದು’ ಎಂದು ನಾನು ಬಾಯಿ ಮುಚ್ಚುವಷ್ಟರಲ್ಲಿ ಎಡಗಡೆಯದೂ ನಿಂತಿತು. ಎರಡಕ್ಕೂ ಒಂದೇ ಟ್ಯಾಂಕ್, ಆ ಟ್ಯಾಂಕಿನೊಳಗೆ ಹಿಂದಿನ ರಾತ್ರಿಯ ಮಳೆನೀರು. ಪಕ್ಕದಲ್ಲಿ ಹೋಗುತ್ತಿದ್ದ ನಾಡದೋಣಿಯವರು ಹಗ್ಗ ಎಸೆದು ಎಳೆದು ತಂದರು, ದಾರಿಯುದ್ದಕ್ಕೂ ನಕ್ಕರು. ಅಂದಿನಿಂದ ಎರಡು ಎಂಜಿನ್ ಎಂದವರಿಗೆಲ್ಲ ನಾನು ಕೇಳುವ ಮೊದಲ ಮಾತು, ಟ್ಯಾಂಕ್ ಎಷ್ಟು ಎಂದು.

ಈಗಿನ ಪೆಟ್ರೋಲಿನಲ್ಲಿ ಈ ತೊಂದರೆ ಕಡಿಮೆಯೇನೂ ಆಗಿಲ್ಲ. ಬಂಕಿನಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹೆಚ್ಚಿನ ಔಟ್‌ಬೋರ್ಡ್‌ಗಳ ಕೈಪಿಡಿ ನೂರಕ್ಕೆ 10ರ ತನಕ ಎಂದು ಮಿತಿ ಹಾಕುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಹಂತ ದಾಟಿದರೆ ನೀರೂ ಎಥನಾಲೂ ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ, ಎಂಜಿನ್ ಹೀರುವುದು ತಳದಿಂದಲೇ. ನಮ್ಮ ಮಲೆನಾಡ ಅಂಚಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕನ್ನು ಎರಡು ತಿಂಗಳು ಮನೆಯ ಜಗಲಿಯಲ್ಲಿ ಇಟ್ಟರೆ ಏನಾಗುತ್ತದೆಂದು ನೋಡಬೇಕಾದರೆ, ತಳದ ಒಂದು ಲೋಟವನ್ನು ಗಾಜಿನ ಬಾಟಲಿಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಗೆರೆ ಎಳೆದಂತೆ ಎರಡು ಪದರ ಕಂಡರೆ ಆ ಪೆಟ್ರೋಲನ್ನು ಎಂಜಿನ್‌ಗೆ ತೋರಿಸಲೂ ಬೇಡಿ. ಕೊಳ್ಳುವಾಗ ಅಂಗಡಿಯವರಲ್ಲಿ ಈ ಎಥನಾಲ್ ವಿಚಾರ ಕೇಳಿ, ಬಾಯಿಮಾತಿಗೆ ಬೇಡ, ಬರೆದುಕೊಡಲು ಹೇಳಿ. ಎರಡು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಟ್ಯಾಂಕಿಗೂ ಎಂಜಿನ್‌ಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಎರಡನೆಯ ಎಂಜಿನ್ನಿನ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಬಾರದು.

ಇನ್ನು ಪ್ರೊಪೆಲ್ಲರ್. ಬೋಟಿನವರು ಇದನ್ನು ಫ್ಯಾನ್ ಎಂದೇ ಕರೆಯುವುದುಂಟು. ಕಡಲಿನಲ್ಲಿ ಆಳವಿದೆ, ಹಿನ್ನೀರಿನಲ್ಲಿ ಊರುಗಳಿವೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ತೋಟಗಳ ಮರದ ಬುಡ, ಗದ್ದೆಯ ಬದು, ಕಲ್ಲುಗೋಡೆ, ಬಾವಿಕಟ್ಟೆ ಎಲ್ಲವೂ ನಿಮ್ಮ ದೋಣಿಯ ಕೆಳಗಿವೆ. ಜಲಾಶಯ ತುಂಬಿ 2,922 ಅಡಿ ಮುಟ್ಟಿದಾಗ ಅವು ಯಾರ ಗೊಡವೆಗೂ ಬರುವುದಿಲ್ಲ. ಫೆಬ್ರುವರಿ ಕಳೆದು ನೀರು ಇಳಿಯತೊಡಗಿದಾಗ, ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಬುಡ ಒಣಗುವ ದಿನಗಳಲ್ಲಿ, ಮೇಲ್ಮೈಯಿಂದ ಒಂದು ಮೊಳ ಕೆಳಗೆ ಕಾದು ಕುಳಿತಿರುತ್ತವೆ. ಎರಡು ಎಂಜಿನ್ ಅಕ್ಕಪಕ್ಕ ಇಳಿಬಿಟ್ಟಿದ್ದರೆ ಬಡಿಯುವ ಅವಕಾಶವೂ ಎರಡು ಪಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ಒಂದು ದಿನ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ದಡದಲ್ಲಿ ನಡೆಯಿರಿ. ಹುಣಸೆಮರ ಎಲ್ಲಿತ್ತು, ಕಣ ಎಲ್ಲಿತ್ತು, ಗಾಡಿದಾರಿ ಎಲ್ಲಿ ತಿರುಗುತ್ತಿತ್ತು ಎಂಬುದು ಅವರ ನೆನಪಿನಲ್ಲಿ ಇನ್ನೂ ಇರುತ್ತದೆ. ಕಂಡ ಬುಡಗಳನ್ನೆಲ್ಲ ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.

ಬಡಿಯುವುದಕ್ಕಿಂತ ಕೆಟ್ಟದ್ದು ಸುತ್ತುವುದು. ನಿಮ್ಮದೇ ಬಲೆಯ ನೈಲಾನ್ ಎಳೆ ತೇಲಿ ಬಂದು ಪ್ರೊಪೆಲ್ಲರ್‌ಗೆ ಸಿಕ್ಕರೆ, ಹೊರಗೆ ಕಂಡದ್ದನ್ನು ಬ್ಲೇಡಿನಿಂದ ಕುಯ್ದು ತೆಗೆದು ‘ಆಯಿತು’ ಎನ್ನುತ್ತೇವೆ. ಆಗಿರುವುದಿಲ್ಲ. ಹೋದ ವರ್ಷ ನನ್ನ ಮೇಜಿಗೆ ಬಂದ ಒಂದು ಎಂಜಿನ್ನಿನಲ್ಲಿ ಕಾಟರ್ ಪಿನ್ ಎಳೆದು, ನಟ್ ಬಿಚ್ಚಿ, ಪ್ರೊಪೆಲ್ಲರ್ ಜಾರಿಸಿ ತೆಗೆದಾಗ, ಅದರ ಹಿಂದಿನ ದಪ್ಪ ವಾಷರಿನ ಸಂದಿಯಲ್ಲಿ ಕೂದಲಿನಷ್ಟು ತೆಳುವಾದ ಎಳೆ ಹತ್ತಾರು ಸುತ್ತು ಸುತ್ತಿ, ಬಿಸಿಗೆ ಕರಗಿ, ಗಾಜಿನ ಬಳೆಯ ಹಾಗೆ ಗಟ್ಟಿಯಾಗಿತ್ತು. ಅದು ಕೊರೆದದ್ದು ಅಲ್ಲಿನ ರಬ್ಬರ್ ಸೀಲನ್ನು. ಸೀಲು ಹೋದರೆ ಗೇರ್ ಎಣ್ಣೆಗೆ ನೀರು ಸೇರುತ್ತದೆ. ಕೆಳಗಿನ ತಿರುಪು ಬಿಚ್ಚಿದಾಗ ಬಂದ ಎಣ್ಣೆ ಮನೆಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿತ್ತು. ಆ ಬಣ್ಣ ಕಂಡರೆ ಅಂದೇ ಕೆಲಸ ನಿಲ್ಲಿಸಿ, ಇಲ್ಲವಾದರೆ ಮುಂದಿನ ಬಿಲ್ಲು ಗೇರುಗಳದ್ದು. ಮೂರು ತಿಂಗಳಿಗೊಮ್ಮೆಯಾದರೂ ಪ್ರೊಪೆಲ್ಲರ್ ತೆಗೆದು ಹಿಂದೆ ಇಣುಕಬೇಕು. ನೀರಿನ ಮೇಲೇ ಈ ಕೆಲಸ ಮಾಡಬೇಕಾಗಿ ಬಂದರೆ ಸ್ಪ್ಯಾನರಿಗೆ ಒಂದು ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಹೇಮಾವತಿಯ ತಳದಲ್ಲಿ ನನ್ನದೇ ಎರಡಿವೆ.

ತಂಪುನೀರಿನ ವಿಚಾರ ಚಿಕ್ಕದು. ಎಂಜಿನ್ ಓಡುವಾಗ ಹಿಂದಿನಿಂದ ಒಂದು ಎಳೆ ನೀರು ಚಿಮ್ಮುತ್ತಿರಬೇಕು. ಅದು ಸಣ್ಣದಾದರೆ ಕೆಳಗಿನ ಜಾಲರಿಗೆ ಅಂತರಗಂಗೆಯೋ ಪ್ಲಾಸ್ಟಿಕ್ ಚೀಲವೋ ಅಂಟಿದೆ, ಅಥವಾ ಪಂಪಿನೊಳಗಿನ ರಬ್ಬರ್ ಚಕ್ರ ಸವೆದಿದೆ. ಮಳೆಗಾಲದ ರಾಡಿನೀರು ಅದನ್ನು ಮರಳುಕಾಗದದಂತೆ ಉಜ್ಜುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಕೆಲವೊಮ್ಮೆ ಯಾವುದೂ ಕೆಟ್ಟಿರುವುದಿಲ್ಲ, ನೀರು ಚಿಮ್ಮುವ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ತಂತಿ ತೂರಿಸಿದರೆ ಮುಗಿಯಿತು.

ಈಗ ನೀವು ಕೇಳಿದ ಲೆಕ್ಕ. ಅಂಗಡಿಯವರು ಕೊಟ್ಟ ಎರಡೂ ಆಯ್ಕೆ ನನಗೆ ಹಿಡಿಸಲಿಲ್ಲ, ಏಕೆಂದು ಹೇಳುತ್ತೇನೆ.

ದೋಣಿ ಓಡುವುದರಲ್ಲಿ ಎರಡು ಬಗೆ. ಒಂದು, ನೀರನ್ನು ಸೀಳಿಕೊಂಡು ಹೋಗುವುದು. ಇನ್ನೊಂದು, ವೇಗಕ್ಕೆ ಮೈಯೆತ್ತಿ ನೀರಿನ ಮೇಲೆ ಜಾರುವುದು. ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಲಗಾಮು. ನೀರಿಗೆ ತಾಗುವ ಉದ್ದ ಅಡಿಗಳಲ್ಲಿ ಎಷ್ಟೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗ ಎಷ್ಟು ನಾಟ್ (ದೋಣಿ, ಹಡಗುಗಳ ವೇಗದ ಅಳತೆ) ಎಂದು ಸಿಗುತ್ತದೆ. ನಿಮ್ಮ 20 ಅಡಿಯಲ್ಲಿ 18 ಅಡಿ ನೀರಿಗೆ ತಾಗುತ್ತದೆ ಎಂದುಕೊಂಡರೆ ಸುಮಾರು 5.7 ನಾಟ್, ಅಂದರೆ ಗಂಟೆಗೆ ಹತ್ತೂವರೆ ಕಿಲೋಮೀಟರ್. ಅಷ್ಟು ವೇಗಕ್ಕೆ ಬಂದಾಗ ಮೂತಿಯ ಬಳಿ ಒಂದು ಅಲೆ, ಬಾಲದ ಬಳಿ ಒಂದು ಅಲೆ ಎದ್ದು, ದೋಣಿ ತಾನೇ ತೋಡಿದ ಹಳ್ಳದಲ್ಲಿ ಕುಳಿತುಬಿಡುತ್ತದೆ. ಅಲ್ಲಿಂದ ಮುಂದೆ ವೇಗದ ಹಿಡಿಕೆಯನ್ನು ಎಷ್ಟು ತಿರುವಿದರೂ ಮೂತಿ ಮೇಲೇಳುತ್ತದೆ, ಬಾಲ ಕುಸಿಯುತ್ತದೆ, ಪೆಟ್ರೋಲ್ ಸುಡುತ್ತದೆ, ವೇಗ ಮಾತ್ರ ಏರುವುದಿಲ್ಲ.

ಆ ಹಳ್ಳ ಹತ್ತಿ ಮೇಲೆ ಜಾರಬೇಕಾದರೆ ತೂಕಕ್ಕೆ ತಕ್ಕ ಬಲ ಬೇಕು. ಪ್ರತಿ ಎಚ್‌ಪಿಗೆ 25 ಕಿಲೋಗಿಂತ ಹೆಚ್ಚು ಹೊರಿಸಬಾರದು ಎಂಬುದು ನಾನು ಇಟ್ಟುಕೊಂಡಿರುವ ಅಳತೆ. ನಿಮ್ಮ ದೋಣಿಯ ತೂಕ ಬರೆದಿಲ್ಲ, 350 ಕಿಲೋ ಎಂದು ಹಿಡಿಯೋಣ. ನಾಲ್ಕು ಜನ 260, ಬಲೆ, ಐಸ್ ಪೆಟ್ಟಿಗೆ, ಸಿಕ್ಕಿದರೆ ಕಾಟ್ಲಾ, ರೋಹು ಸೇರಿ 150, ಎಂಜಿನ್ನೂ ಪೆಟ್ರೋಲೂ 70. ಒಟ್ಟು 830 ಕಿಲೋ. ಜಾರಬೇಕಾದರೆ 33 ಎಚ್‌ಪಿ ಬೇಕಾಯಿತು.

ಇಲ್ಲಿ ಮಲ್ಪೆಯವರ ಲೆಕ್ಕಕ್ಕೆ ಬಾರದ ಇನ್ನೊಂದು ಸಂಗತಿ ಇದೆ, ಎತ್ತರ. ಎಂಜಿನ್ನಿನ ಹೆಸರಹಲಗೆಯ ಮೇಲಿನ ಅಂಕಿ ಸಮುದ್ರಮಟ್ಟದ್ದು. ಸಾವಿರ ಅಡಿ ಏರಿದಂತೆ ಗಾಳಿ ತೆಳುವಾಗಿ ನೂರಕ್ಕೆ ಸುಮಾರು ಮೂರರಷ್ಟು ಬಲ ಸೋರಿಹೋಗುತ್ತದೆ. ನೀವು ಮೂರು ಸಾವಿರ ಅಡಿಗೆ ಒಂದಿಷ್ಟು ಕಡಿಮೆ ಎತ್ತರದ ನೀರಿನಲ್ಲಿದ್ದೀರಿ. ಶಿರಾಡಿ ಘಾಟಿ ಹತ್ತಿ ಬಂದ 20 ಎಚ್‌ಪಿ ಇಲ್ಲಿ 18 ಎಚ್‌ಪಿಯ ಕೆಲಸ ಮಾಡುತ್ತದೆ, 9.9 ಎಂಬುದು 9. ಕಾರ್ಬುರೇಟರ್ ಎಂಜಿನ್ ಆದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆಯಾಗಿ ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುವುದೂ ಉಂಟು, ಅದರೊಳಗೆ ಪೆಟ್ರೋಲ್ ಹರಿಯುವ ಪುಟ್ಟ ತೂತಿನ ತಿರುಪನ್ನು, ಅಂದರೆ ಜೆಟ್ಟನ್ನು, ಒಂದು ಅಳತೆ ಚಿಕ್ಕದು ಹಾಕಬೇಕಾಗಬಹುದು. ಇಂಜೆಕ್ಷನ್ ಎಂಜಿನ್ ಮಿಶ್ರಣವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕಳೆದುಹೋದ ಬಲವನ್ನು ಅದೂ ಹಿಂದಕ್ಕೆ ತರಲಾರದು.

ಹಾಗಾದರೆ ಅಂಗಡಿಯವರ 20 ಎಚ್‌ಪಿ ಇಲ್ಲಿ 18. ಒಂದೊಂದು ಎಚ್‌ಪಿಗೆ 46 ಕಿಲೋ ಹೊರೆ. ಜಾರುವ ಮಾತೇ ಇಲ್ಲ. 9.9ರ ಎರಡು ಹಾಕಿದರೂ ಅದೇ 18, ಜೊತೆಗೆ ಬಾಲದಲ್ಲಿ ಇನ್ನೊಂದು 40 ಕಿಲೋ. ಎರಡು ಆಯ್ಕೆಯೂ ತ್ರಿಶಂಕು. ಸೀಳಿಕೊಂಡು ಹೋಗುವುದಕ್ಕೆ ಹೆಚ್ಚಾಯಿತು, ಜಾರುವುದಕ್ಕೆ ಸಾಲದು. ನಿಜವಾಗಿ ಜಾರಬೇಕಿದ್ದರೆ ಇಲ್ಲಿ 40 ಎಚ್‌ಪಿ ಬೇಕು. ಅದು ಪೂರ್ತಿ ತಿರುವಿದರೆ ಗಂಟೆಗೆ 14 ಲೀಟರ್ ಕುಡಿಯುತ್ತದೆ. ನಾಲ್ಕೈದು ಕಿಲೋಮೀಟರ್ ಆಚೆ ಬಿಟ್ಟ ಬಲೆ ಎತ್ತಲು ಯಾರಿಗೆ ಬೇಕು ಆ ಅವಸರ? ಮೇಲಾಗಿ ಅಂಥ ವೇಗದ ದೋಣಿ ಎಬ್ಬಿಸುವ ಅಲೆಗೆ ಹರಿಗೋಲಿನವರು ಮಗುಚಿಕೊಳ್ಳುತ್ತಾರೆ. ನಿನ್ನೆಯ ತನಕ ನೀವೇ ಹರಿಗೋಲಿನಲ್ಲಿದ್ದವರು.

ಹತ್ತು ಕಿಲೋಮೀಟರ್ ವೇಗಕ್ಕೆ ನಿಮ್ಮ ದೋಣಿಗೆ ಒಂದೇ 9.9 ಧಾರಾಳ. ಪೂರ್ತಿ ತಿರುವಿದರೂ ಗಂಟೆಗೆ ಮೂರೂವರೆ ಲೀಟರಿನ ಆಸುಪಾಸು, ಮುಕ್ಕಾಲು ತಿರುವಿದರೆ ಇನ್ನೂ ಸಾಕಷ್ಟು ಕಡಿಮೆ. ನಿಮ್ಮ ಭಾವನವರ ಮಾತಿನಲ್ಲೂ ಸತ್ಯವಿದೆ, ಅದನ್ನು ಮರೆಮಾಚುವುದಿಲ್ಲ. 9.9ರ ಎರಡು ಹಾಕಿದ ದೋಣಿಯಲ್ಲಿ ಒಂದು ಕೆಟ್ಟರೆ ಇನ್ನೊಂದು ನಿಮ್ಮನ್ನು ಹೆಚ್ಚುಕಡಿಮೆ ಅದೇ ವೇಗದಲ್ಲಿ ಮನೆಗೆ ತರುತ್ತದೆ. ಹಾಗೆಂದರೆ ಉಳಿದ ದಿನಗಳಲ್ಲಿ ಆ ಎರಡನೆಯದು ಸುಮ್ಮನೆ ಕುಳಿತು ಸವಾರಿ ಮಾಡುತ್ತಿರುತ್ತದೆ. ಸರ್ವಿಸ್ ಮಾತ್ರ ಎರಡಕ್ಕೂ ಆಗಬೇಕು, ಎಣ್ಣೆ, ಪ್ಲಗ್, ಪಂಪಿನ ರಬ್ಬರ್ ಎಲ್ಲವೂ ಎರಡೆರಡು.

ಕೂರಿಸುವ ತೊಂದರೆಯೂ ಇದೆ. ಈ ಗಾತ್ರದ ಎಂಜಿನ್ ಕೈಹಿಡಿಕೆಯಿಂದ ತಿರುಗಿಸುವಂಥವು. ಎರಡು ಹಿಡಿಕೆಯನ್ನು ಒಬ್ಬನೇ ಹಿಡಿದು ದಿಕ್ಕನ್ನೂ ವೇಗವನ್ನೂ ಸರಿತೂಗಿಸುವುದು ಎರಡು ಎತ್ತಿನ ಮೂಗುದಾರವನ್ನು ಒಂದೇ ಕೈಯಲ್ಲಿ ಹಿಡಿದಂತೆ. ಎರಡಕ್ಕೂ ನಡುವೆ ಸರಳು ಜೋಡಿಸಬೇಕು, ಇಲ್ಲವೇ ಸ್ಟೀರಿಂಗ್, ಕೇಬಲ್ ಎಲ್ಲ ಹಾಕಿಸಬೇಕು. ಎರಡರ ನಡುಮಧ್ಯದ ಅಂತರ ಕನಿಷ್ಠ 22 ಅಂಗುಲ ಬೇಕು, ಇಲ್ಲವಾದರೆ ಓರೆ ಮಾಡಿದಾಗ ಒಂದಕ್ಕೊಂದು ತಾಗುತ್ತವೆ. ದೋಣಿಯ ಹಿಂಬದಿಯ ಹಲಗೆ ಅಷ್ಟು ಅಗಲವೂ ಗಟ್ಟಿಯೂ ಇದೆಯೇ ಎಂದು ದೋಣಿ ಮಾಡಿಕೊಟ್ಟವರನ್ನು ಕೇಳಿದ್ದೀರಾ? ಫೈಬರ್ ಒಳಗಿನ ಮರ ಕಾಡುಮರವಾಗಿದ್ದರೆ ಬೋಲ್ಟಿನ ತೂತಿನಿಂದ ನೀರಿಳಿದು ಎರಡೇ ಮಳೆಗಾಲಕ್ಕೆ ಮೆತ್ತಗಾಗುತ್ತದೆ.

ಎರಡು ಎಂಜಿನ್ ಎಲ್ಲಿ ಸರಿ ಎಂದರೆ, ನಿಮ್ಮ ಭಾವ ಇರುವಲ್ಲೇ ಸರಿ. ಅಳಿವೆ ಬಾಗಿಲಿನಲ್ಲಿ ಅಲೆ ಮುರಿಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆಗೆ ಮಗುಚುತ್ತದೆ. ಅಲ್ಲಿ ಫಿಲ್ಟರ್ ಬಿಚ್ಚಿ ನೋಡುವಷ್ಟು ಹೊತ್ತನ್ನು ಕಡಲು ಕೊಡುವುದಿಲ್ಲ. ದಡದಿಂದ ಹತ್ತಾರು ಕಿಲೋಮೀಟರ್ ಹೊರಗೆ ಗಾಳಿ ಪಡುವಣಕ್ಕೆ ತಳ್ಳಿದರೆ ಆಚೆ ದಡವೆಂಬುದೇ ಇಲ್ಲ. ಅಂದು ನಿಮ್ಮನ್ನು ಕಾಪಾಡಿದ್ದು ಆ ಆಚೆ ದಡವೇ ಅಲ್ಲವೇ? ಇನ್ನೊಂದು ಕಾರಣವೂ ಅಲ್ಲಿಗೆ ಸೇರಿದ್ದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧವಿದ್ದಾಗ 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಹಾಗಾಗಿ ದೊಡ್ಡದೊಂದು ಇದ್ದವರೂ 9.9 ಒಂದನ್ನು ಇಟ್ಟುಕೊಳ್ಳುತ್ತಾರೆ. ಅಲ್ಲಿನ ರೂಢಿ ಅಲ್ಲಿನ ನೀರಿಗೆ ಹುಟ್ಟಿದ್ದು. ಜನರನ್ನು ಕೂರಿಸಿಕೊಂಡು ಹೋಗುವ ದೋಣಿಯಾಗಿದ್ದರೆ ಹಿನ್ನೀರಿನಲ್ಲೂ ನಾನು ಎರಡಕ್ಕೇ ಮತ ಹಾಕುತ್ತಿದ್ದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಒಂದು 9.9, ನಾಲ್ಕು ಸ್ಟ್ರೋಕಿನದು, ಹೊಸದು. ಎರಡು ಸ್ಟ್ರೋಕಿನದು ಹಗುರ, ಬಿಚ್ಚಲು ಸುಲಭ, ನನಗೂ ಅದರ ಮೇಲೆ ಹಳೆಯ ಪ್ರೀತಿ. ಆದರೆ ಸುಡದ ಎಣ್ಣೆಯನ್ನು ಅದು ನೀರಿಗೆ ಬಿಡುತ್ತದೆ, ಈ ನೀರನ್ನು ಹಾಸನವೂ ಕುಡಿಯುತ್ತದೆ, ತುಮಕೂರೂ ಕುಡಿಯುತ್ತದೆ. ನಾಲ್ಕು ಸ್ಟ್ರೋಕಿನದನ್ನು ಪಿಕಪ್ಪಿನಲ್ಲಿ ಸಾಗಿಸುವಾಗ ಕೈಪಿಡಿ ಹೇಳಿದ ಮಗ್ಗುಲಿಗೇ ಮಲಗಿಸಿ, ಇಲ್ಲವಾದರೆ ಎಣ್ಣೆ ಸಿಲಿಂಡರಿಗೆ ನುಗ್ಗಿ ಮಾರನೆಯ ದಿನ ಹಗ್ಗ ಎಳೆದ ತೋಳು ನೋಯುತ್ತದೆಯೇ ಹೊರತು ಎಂಜಿನ್ ಕೂಗುವುದಿಲ್ಲ. ಕರಾವಳಿಯಿಂದ ಅಗ್ಗಕ್ಕೆ ಬರುವ ಹಳೆಯ ಎಂಜಿನ್‌ಗಳ ಆಸೆಗೆ ಬೀಳಬೇಡಿ. ಹೊರಗೆ ಹೊಸ ಬಣ್ಣ ಹೊಡೆದಿರುತ್ತಾರೆ, ಒಳಗಿನ ತಂಪುನೀರಿನ ದಾರಿಗಳಲ್ಲಿ ಉಪ್ಪು ಕಟ್ಟಿರುತ್ತದೆ. ಕೊಳ್ಳಲೇಬೇಕಾದರೆ ಎರಡೂ ಸಿಲಿಂಡರಿನ ಒತ್ತಡ ಅಳೆಸಿ. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಕೊಳ್ಳುವ ಮೊದಲು ಹಿಂಬದಿ ಹಲಗೆಯ ಎತ್ತರ ಅಳೆಯಿರಿ. 15 ಅಂಗುಲದ ಹಲಗೆಗೆ ಗಿಡ್ಡ ಕಾಲಿನ ಎಂಜಿನ್, 20 ಅಂಗುಲಕ್ಕೆ ಉದ್ದ ಕಾಲಿನದು. ಪ್ರೊಪೆಲ್ಲರ್ ಮೇಲಿನ ಅಗಲದ ರೆಕ್ಕೆ ದೋಣಿಯ ತಳಕ್ಕೆ ಸಮನಾಗಿ ಬರಬೇಕು. ಇನ್ನು ಪ್ರೊಪೆಲ್ಲರ್ ಆಯ್ಕೆಗೆ, ನಾಲ್ಕೂ ಜನ ಕುಳಿತು, ಬಲೆ ಐಸ್ ಎಲ್ಲ ಹೇರಿಕೊಂಡು ಪೂರ್ತಿ ತಿರುವಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ನೋಡಿ. ಪ್ಲಗ್ ವೈರಿಗೆ ಸುತ್ತುವ ಪುಟ್ಟ ಮೀಟರ್ ಸಿಗುತ್ತದೆ. ಈ ವರ್ಗದ ನಾಲ್ಕು ಸ್ಟ್ರೋಕ್ ಎಂಜಿನ್‌ಗಳು ಸಾಮಾನ್ಯವಾಗಿ 5,000ದಿಂದ 6,000ದ ನಡುವೆ ತಿರುಗಬೇಕು. ನಿಮ್ಮಲ್ಲಿ ಎತ್ತರದ ದೆಸೆಯಿಂದ 5,000 ಮುಟ್ಟದೇ ಹೋಗಬಹುದು. ಆಗ ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಮುಂದೆ ಸಾಗುವ ದೂರ, ಒಂದಂಗುಲ ಕಡಿಮೆ ಮಾಡಿದರೆ ಸುಮಾರು 200 ಸುತ್ತು ಮೇಲೇರುತ್ತದೆ. ಪೆಟ್ಟಿಗೆಯಲ್ಲಿ ಬಂದ ಪ್ರೊಪೆಲ್ಲರನ್ನು ಎಸೆಯಬೇಡಿ, ಅದೇ ನಿಮ್ಮ ಹೆಚ್ಚುವರಿ.

ಉಳಿದ ಹಣದಲ್ಲಿ ಮೊದಲು ನಾಲ್ಕು ಲೈಫ್ ಜಾಕೆಟ್. ಈಜು ಬಾರದವನಿಗೆ ಮಾತ್ರವಲ್ಲ, ನಾಲ್ವರಿಗೂ, ದೋಣಿಯ ಮೂಲೆಯಲ್ಲಿ ಮಡಚಿ ಇಡಲಲ್ಲ, ಮೈಮೇಲೆ ಹಾಕಿಕೊಳ್ಳಲು. ಆಮೇಲೆ ಒಂದು ಜೊತೆ ಉದ್ದನೆಯ ಹುಟ್ಟು, ಅದು ಕೂರುವ ಕೊಕ್ಕೆ ಸಮೇತ. ಆಮೇಲೆ ಒಂದು ಲಂಗರು ಮತ್ತು 30 ಮೀಟರ್ ಹಗ್ಗ, ಎಂಜಿನ್ ನಿಂತಾಗ ಗಾಳಿಗೆ ಕೊಚ್ಚಿಹೋಗದಿರಲು. ಅಂದು ನಿಮ್ಮ ಬಳಿ ಲಂಗರು ಇದ್ದಿದ್ದರೆ ನಿಂತ ಜಾಗದಲ್ಲೇ ನಿಂತು ತಣ್ಣಗೆ ಯೋಚಿಸಬಹುದಿತ್ತು. ಎಂಜಿನ್ ಚಾಲಕನ ಮಣಿಕಟ್ಟಿಗೆ ಹಾಕುವ ಕೆಂಪು ಸುರುಳಿ ಹಗ್ಗವನ್ನು ದಿನವೂ ಹಾಕಿಕೊಳ್ಳಿ. ಅವನು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ, ಇಲ್ಲವಾದರೆ ದೋಣಿ ಸುತ್ತು ಹೊಡೆದು ಅವನ ಮೇಲೇ ಬರುತ್ತದೆ.

ಇಷ್ಟಾದ ಮೇಲೂ ಮನೆಯವರ ಮನಸ್ಸಿಗೆ ಸಮಾಧಾನವಿಲ್ಲ, ಕೈಯಲ್ಲಿ ಹಣವೂ ಇದೆ ಎಂದಾದರೆ, ಎರಡೂವರೆ ಎಚ್‌ಪಿಯ ಪುಟ್ಟ ಎಂಜಿನ್ ಒಂದನ್ನು ಕೊಳ್ಳಿ. 17, 18 ಕಿಲೋ ತೂಕ, ಒಂದು ಕೈಯಲ್ಲಿ ಎತ್ತಬಹುದು. ಅದರ ಟ್ಯಾಂಕ್ ಅದರ ಮೈಯಲ್ಲೇ ಇರುತ್ತದೆ, ದೊಡ್ಡ ಟ್ಯಾಂಕಿನ ಪಾಪ ಇದಕ್ಕೆ ತಟ್ಟುವುದಿಲ್ಲ. ಬಳಸದಾಗ ದೋಣಿಯೊಳಗೆ ಮಲಗಿರುತ್ತದೆ, ಮರದ ಬುಡಕ್ಕೂ ಬಡಿಯುವುದಿಲ್ಲ, ಬಲೆಗೂ ಸಿಕ್ಕುವುದಿಲ್ಲ. ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ನಿಮ್ಮನ್ನು ದಡಕ್ಕೆ ಮುಟ್ಟಿಸುತ್ತದೆ. ಆಷಾಢದ ಎದುರುಗಾಳಿ ಜೋರಾಗಿದ್ದರೆ ಅದೂ ಏದುಸಿರು ಬಿಡುತ್ತದೆ, ಅಂಥ ದಿನ ಗಾಳಿಯ ಮಗ್ಗುಲಿನ ದಡವನ್ನು ಆರಿಸಿಕೊಂಡರಾಯಿತು. ಹದಿನೈದು ದಿನಕ್ಕೊಮ್ಮೆ ಅದನ್ನೂ ಶುರುಮಾಡಿ ಐದು ನಿಮಿಷ ಓಡಿಸಿ. ಬೇಕಾದಾಗ ಎದ್ದೇಳದ ಬದಲಿ ಎಂಜಿನ್‌ಗಿಂತ ಹುಟ್ಟು ವಾಸಿ.

ಒಂದು ಮಾತು ಬಿಟ್ಟಿದ್ದೆ. ಜಲಾಶಯದಲ್ಲಿ ಎಂಜಿನ್ ದೋಣಿ ಇಳಿಸುವ ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ನಿಮ್ಮ ಪರವಾನಗಿಯ ಷರತ್ತು ವಿಚಾರಿಸಿ. ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಬಂದಿದೆ, ಎಂಜಿನ್ ದೋಣಿಯ ನೋಂದಣಿಯ ಬಗ್ಗೆಯೂ ಅಲ್ಲೇ ಕೇಳಿಬಿಡಿ. ಮುಂಗಡ ಕೊಟ್ಟ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿದರೆ ಅಂಗಡಿಯವರ ಜೊತೆ ಮನಸ್ತಾಪ ತಪ್ಪುತ್ತದೆ.

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಆ ಹಳೆಯ ಎಂಜಿನ್ ಇನ್ನೂ ಪರಿಚಯದವರ ಬಳಿಯೇ ಇದ್ದರೆ ಮತ್ತೊಮ್ಮೆ ಕೇಳಿ ತನ್ನಿ. ದೋಣಿಯನ್ನು ದಡದ ಗೂಟಕ್ಕೆ ಎರಡು ಹಗ್ಗದಲ್ಲಿ ಬಿಗಿದು, ಟ್ಯಾಂಕಿನ ಮುಚ್ಚಳದ ತಿರುಪನ್ನು ಸಡಿಲಿಸಿ, ಅರ್ಧ ಗಂಟೆ ನೀರಿನಲ್ಲೇ ಓಡಿಸಿ. ನಿಲ್ಲದಿದ್ದರೆ ತಿರುಪನ್ನು ಬಿಗಿ ಮಾಡಿ ಮತ್ತೆ ಓಡಿಸಿ. ಈ ಸಲ ಒಬ್ಬರು ರಬ್ಬರ್ ಬಲ್ಬಿನ ಮೇಲೆ ಕೈಯಿಟ್ಟು ಕುಳಿತಿರಿ. ಅದು ಅಂಗೈಯೊಳಗೆ ಮೆಲ್ಲಗೆ ಚಪ್ಪಟೆಯಾಗತೊಡಗಿದರೆ ನನಗೆ ಒಂದು ಸಾಲು ಬರೆಯಿರಿ. ಎರಡು ಸಲವೂ ನಿಂತರೆ ಎಂಜಿನ್ನನ್ನೇ ಗಾಡಿಗೆ ಹಾಕಿಕೊಂಡು ಹಾಸನಕ್ಕೆ ಬನ್ನಿ, ಬರುವಾಗ ಟ್ಯಾಂಕನ್ನೂ ತನ್ನಿ.